ಗಾಲಿಗೆ ಕೊಟ್ಟ ಕಲ್ಲು, ಸೋಫಾಕ್ಕೆ ಬಂದ ಮಾತು

ಲಂಡನ್ನಿನ ಶಾಲೆಗಳಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ 'ಏನೋ ಮಾಡ್ತಿದ್ದೀಯ?' ಎಂದು ಕೂಗಿದರೆ, ಸೋಫಾದ ಮೂಲೆಯಿಂದ 'ಕಾಚಿಂಗ್' ಎಂದು ಉತ್ತರ ಬರುವುದುಂಟು. ಸುಮ್ಮನೆ ಬಿದ್ದುಕೊಂಡಿದ್ದೇನೆ ಎಂದರ್ಥ. ('ಕಾಚ್' ಅಂದಾಗ ಕನ್ನಡದ ಕಿವಿಗೆ ನೆನಪಾಗುವ ಒಳಉಡುಪಿಗೂ ಇದಕ್ಕೂ ನಂಟಿಲ್ಲ.) ಹಿರಿಯರು ಬೀದಿ ಇಂಗ್ಲಿಷ್ ಎಂದು ಮುಖ ಸಿಂಡರಿಸುವ ಈ ಪದ ಬಂದದ್ದು ಜಮೈಕಾದಿಂದ. ಮೂಲದಲ್ಲಿ ಇದರಲ್ಲಿ ವಿಶ್ರಾಂತಿಯ ಸುಳಿವೇ ಇಲ್ಲ. ಇದು ಗಾಲಿಗೆ ಕೊಡುವ ಕಲ್ಲು.

ಬಂಡಿ ಜಾರದಂತೆ ಚಕ್ರದಡಿ ತುರುಕುವ ಬೆಣೆಗೆ ಇಂಗ್ಲಿಷಿನಲ್ಲಿ 17ನೇ ಶತಮಾನದಿಂದ 'ಸ್ಕಾಚ್' ಎಂಬ ಹೆಸರಿದೆ. ಇದು ವಿಸ್ಕಿಯ ಸ್ಕಾಚ್ ಅಲ್ಲ. ಬ್ರಿಟನ್ನಿನ ರೈಲ್ವೆಯವರು ನಿಂತ ಬೋಗಿಯ ಚಕ್ರಕ್ಕೆ ಕೊಡುವ ತುಂಡನ್ನು ಈಗಲೂ ಹಾಗೇ ಕರೆಯುತ್ತಾರೆ. 1655ರಲ್ಲಿ ಇಂಗ್ಲಿಷರು ಸ್ಪೇನಿನ ಕೈಯಿಂದ ಜಮೈಕಾವನ್ನು ಕಿತ್ತುಕೊಂಡರು. ಕಬ್ಬಿನ ತೋಟಗಳಿಗೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬಾಯಲ್ಲಿ ಯಜಮಾನರ ಪದಗಳು ಹೊಸ ರೂಪ ಪಡೆದವು.

'ಸ್ಕಾಚ್' ಪದದಲ್ಲಿ ಮೊದಲು ಉದುರಿದ್ದು ಸಕಾರ. ಜಮೈಕಾದ ಜನರ ಆಡುಮಾತಾದ ಪಟ್ವಾದಲ್ಲಿ ಪದದ ಮೊದಲ ಒತ್ತಕ್ಷರದ ಸಕಾರ ಹೀಗೆ ಬಿದ್ದುಹೋಗುವುದು ಮಾಮೂಲು. ಸ್ಟ್ಯಾಂಡ್ ಅಲ್ಲಿ 'ಟಾನ್', ಸ್ಕಿನ್ ಅಲ್ಲಿ 'ಕಿನ್', ಸ್ಟೋರಿ ಅಲ್ಲಿ 'ಟೋರಿ'. ಜೊತೆಗೆ ತುಟಿ ದುಂಡಗಾಗಿಸಿ ಹೇಳುವ ಇಂಗ್ಲಿಷ್ ಸ್ವರ ಬಾಯಿ ತೆರೆದು ಹೇಳುವ 'ಆ' ಆಯಿತು. ಭಾಷಾತಜ್ಞ ಫ್ರೆಡೆರಿಕ್ ಕ್ಯಾಸಿಡಿ ರೂಪಿಸಿದ ಪಟ್ವಾ ಕಾಗುಣಿತದಲ್ಲಿ ಇದನ್ನು ಕೆ-ಎ-ಸಿ-ಹೆಚ್ ಎಂದು ಬರೆಯಬೇಕು. ನಮಗೇನೂ ಇದು ಹೊಸದಲ್ಲ. ಹಳ್ಳಿಯ ಕಡೆ ಸ್ಟೇಷನ್ನು 'ಟೇಸನ್' ಆಗಿದೆ, ಅದಕ್ಕೂ ಎಷ್ಟೋ ಮೊದಲು ಸ್ಥಾನ 'ತಾಣ' ಆಗಿದೆ. ಸ್ಟ್ಯಾಂಡ್ ಮತ್ತು ಸ್ಥಾನ ಒಂದೇ ಇಂಡೋ-ಯೂರೋಪಿಯನ್ ಬೇರಿನ ಪದಗಳು. ಅಲ್ಲಿ ಟಾನ್, ಇಲ್ಲಿ ತಾಣ: ಎರಡು ನಾಲಿಗೆಗಳೂ ಒಂದೇ ಕಡೆ ಕತ್ತರಿ ಹಾಕಿವೆ.

ಮಲಗು ಎಂಬರ್ಥದ ಫ್ರೆಂಚಿನ 'ಕೂಶೆ'ಯಿಂದ ಇದು ಬಂತೆಂದು ಕೆಲವರು ಹೇಳುತ್ತಾರೆ. ಕೇಳಲು ಚಂದ, ಆದರೆ ಒಪ್ಪುವುದು ಕಷ್ಟ. ಕಲ್ಲು ಕೊಡುವ, ಆಸರೆ ಕೊಡುವ ಅರ್ಥ ಜಮೈಕಾದಲ್ಲಿ ಇವತ್ತಿಗೂ ಬಳಕೆಯಲ್ಲಿದೆ, ಫ್ರೆಂಚ್ ಪದಕ್ಕೆ ಅದಿಲ್ಲ. ಅಲ್ಲದೆ ಜಮೈಕಾ ಎಂದೂ ಫ್ರೆಂಚರ ವಸಾಹತಾಗಿರಲಿಲ್ಲ. ಪಟ್ವಾ ಪದಗಳ ಬೆನ್ನು ಹತ್ತುವವರು ಮೊದಲು ತೆರೆಯಬೇಕಾದ್ದು ಜಮೈಕಾದಲ್ಲೇ ಹುಟ್ಟಿದ ಫ್ರೆಡೆರಿಕ್ ಕ್ಯಾಸಿಡಿ ಮತ್ತು ರಾಬರ್ಟ್ ಲೆಪೇಜ್ 1967ರಲ್ಲಿ ಹೊರತಂದ ಜಮೈಕನ್ ಇಂಗ್ಲಿಷ್ ನಿಘಂಟನ್ನು.

ಬಾಗಿಲು ಬಡಿಯದಂತೆ ಕಲ್ಲಿಡುವುದು ಕಾಚ್. ಅಲ್ಲಾಡುವ ಮೇಜಿನ ಕಾಲಿಗೆ ರಟ್ಟು ಮಡಿಸಿ ಕೊಡುವುದು 'ಕಾಚ್ ಅಪ್'. ಇನ್ನು ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನ ಮಿನಿಬಸ್ಸು ಹತ್ತಿ ನೋಡಿ. ಸೀಟು ಭರ್ತಿಯಾದ ಮೇಲೆ ಇನ್ನೊಬ್ಬರು ಹತ್ತುತ್ತಾರೆ. 'ಸ್ಮಾಲ್ ಅಪ್ ಯುಸೆಲ್ಫ್' ಎಂದು ಕಂಡಕ್ಟರ್ ಕೂಗುತ್ತಾನೆ, ಮೈ ಸಣ್ಣದು ಮಾಡ್ಕೊಳ್ಳಿ ಅಂತ. ಕೂತವರು ಮಿಸುಕುತ್ತಾರೆ. ಬಂದವರು ಸೀಟಿನ ಅಂಚಿಗೆ ಅರ್ಧ ತೊಡೆ ಆನಿಸಿ, ಒಂದು ಕಾಲನ್ನು ಓಣಿಯಲ್ಲಿ ಬಲವಾಗಿ ಊರಿ, ಮುಂದಿನ ಕಂಬಿ ಹಿಡಿಯುತ್ತಾರೆ. ಅದೂ ಕಾಚ್. ನಮ್ಮ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ'ಯಿಂದ ಸಿಗುವ ಆ ನಾಲ್ಕು ಬೆರಳು ಜಾಗಕ್ಕೆ ಕನ್ನಡದಲ್ಲಿ ಒಂಟಿ ಪದವಿಲ್ಲ, ಅವರಿಗಿದೆ.

ಮನೆಯ ಮಾತಿಗೂ ಇದೇ ಪದ. 'ಮಿ ಅ ಕಾಚ್ ಅ ಮಿ ಕಸಿನ್ ಯಾಡ್' ಎಂದರೆ ಸದ್ಯಕ್ಕೆ ದಾಯಾದಿ ಮನೆಯಲ್ಲಿದ್ದೇನೆ ಎಂದು. ಬಾಡಿಗೆ ಕರಾರು ಮಾಡಿಕೊಂಡು ಇರುವುದನ್ನು ಕಾಚ್ ಎನ್ನುವಂತಿಲ್ಲ, ಠಿಕಾಣಿ ಹೂಡುವುದಂತೂ ಅಲ್ಲವೇ ಅಲ್ಲ. ಗಾಲಿಯಡಿಯ ಕಲ್ಲಿನಂತೆ, ತೆಗೆದರೆ ಹೊರಡಬೇಕು. ಅವರು ಇದನ್ನು ನಾಮಪದವಾಗಿಯೂ ಬಳಸುತ್ತಾರೆ: ಹೊಸ ಊರಿಗೆ ಬಂದವರು ಯಾರದಾದರೂ ಮನೆಯಲ್ಲಿ ಒಂದು ಕಾಚ್ ಕೇಳುತ್ತಾರೆ.

1948ರ ಜೂನ್ 22ರಂದು ಕೆರಿಬಿಯನ್ ದ್ವೀಪಗಳಿಂದ ಬಂದ 'ಎಂಪೈರ್ ವಿಂಡ್‌ರಶ್' ಹಡಗಿನ ಪ್ರಯಾಣಿಕರು ಲಂಡನ್ ಬಳಿಯ ಟಿಲ್‌ಬರಿ ಬಂದರಿನಲ್ಲಿ ಇಳಿದರು. ಮುಂದಿನ ವರ್ಷಗಳಲ್ಲಿ ಕೆರಿಬಿಯನ್ನಿಂದ ಬಂದವರಿಗೆ ಬ್ರಿಟನ್ನಿನ ಅನೇಕ ಮನೆಯೊಡೆಯರು ಬಣ್ಣ ನೋಡಿ ಕೋಣೆ ಇಲ್ಲ ಎಂದರು. ಹೀಗಾಗಿ ಮೊದಲು ಬಂದವರ ಕೋಣೆಯೇ ಆಮೇಲೆ ಬಂದವರಿಗೆ ಆಸರೆ. ಬ್ಯಾಂಕು ಸಾಲ ಕೊಡದಾಗ 'ಪಾರ್ಡ್ನರ್' ಕಟ್ಟಿ ಮನೆ ಕೊಂಡವರೂ ಇದ್ದರು. ಪಾರ್ಡ್ನರ್ ಅಂದರೆ ಹೆಚ್ಚುಕಡಿಮೆ ನಮ್ಮ ಚೀಟಿಯೇ: ವಾರವಾರ ಎಲ್ಲರೂ ಒಂದೇ ಮೊತ್ತ ಹಾಕಿ, ಸರದಿಯಂತೆ ಒಬ್ಬೊಬ್ಬರು ಪೂರ್ತಿ ಗಂಟು ಎತ್ತುವುದು. ನಮ್ಮಲ್ಲಿನ ಹರಾಜು ಮಾತ್ರ ಅದರಲ್ಲಿಲ್ಲ.

ಆ ಮನೆಗಳಿಂದ ಪದ ಶಾಲೆಯ ಅಂಗಳಕ್ಕೆ ಬಂತು, ಅಲ್ಲಿಂದ ಎಲ್ಲ ಬಣ್ಣದ ಮಕ್ಕಳ ಬಾಯಿಗೆ. ದಾರಿಯಲ್ಲಿ ಇಕ್ಕಟ್ಟು ಕಳಚಿ ಆರಾಮವಷ್ಟೇ ಉಳಿಯಿತು. ಎಡವಟ್ಟಾಗುವುದೂ ಇಲ್ಲೇ. ನಿಮ್ಮ ಮಗಳು ಜಮೈಕಾದ ಅಜ್ಜಿಯೊಬ್ಬರಿಗೆ 'ಮನೇಲಿ ಕಾಚ್ ಮಾಡ್ತಿದ್ದೀನಿ' ಎಂದರೆ, ಅವರಿಗೆ ಈ ಹುಡುಗಿಗೆ ಸ್ವಂತ ಮನೆಯಿಲ್ಲವೇ ಎನ್ನಿಸಬಹುದು. ದಕ್ಷಿಣ ಆಫ್ರಿಕಾದವರ ಮುಂದೆ ಹೇಳಿದರೆ ಇನ್ನೂ ಪಜೀತಿ: ಅಲ್ಲಿ ಆಫ್ರಿಕಾನ್ಸ್‌ನಿಂದ ಬಂದ, ಹೆಚ್ಚುಕಡಿಮೆ ಇದೇ ಉಚ್ಚಾರಣೆಯ ಬೇರೊಂದು ಪದವಿದೆ, ಅದರರ್ಥ ವಾಂತಿ ಮಾಡುವುದು.

ವಾರಾಂತ್ಯದ ಕನ್ನಡ ತರಗತಿಯಲ್ಲಿ ಮಕ್ಕಳು ಇದಕ್ಕೆ ಕನ್ನಡ ಕೇಳಿದರೆ 'ವಿಶ್ರಮಿಸು' ಎಂದು ಹೇಳಿಕೊಟ್ಟು ಕೈತೊಳೆದುಕೊಳ್ಳಬೇಡಿ. ಸೋಫಾಕ್ಕಾದರೆ ಒರಗು, ಗೋಡೆಗಿಟ್ಟ ಏಣಿಗಾದರೆ ಆನಿಸು, ನೆಂಟರ ಮನೆಯ ಎರಡು ರಾತ್ರಿಗಾದರೆ ತಂಗು. ಈ ಕೊನೆಯದು ಊರಿಗೆ ಹೋದಾಗ ಬಸ್ ನಿಲ್ಲುವ ಕಡೆ ಬೋರ್ಡಿನ ಮೇಲೇ ಕಾಣುತ್ತದೆ: 'ಪ್ರಯಾಣಿಕರ ತಂಗುದಾಣ'. ಅದರ ಬಾಲದಲ್ಲಿರುವುದು ಮೇಲೆ ಹೇಳಿದ ಸಕಾರ ಉದುರಿದ ತಾಣವೇ.