ಹಿತ್ತಲಿನ ಕೊಳದ ಮೀನುಗಳು ಸತ್ತದ್ದು ರೋಗದಿಂದಲ್ಲ: ನಿಮ್ಮ ವರದಿಗೆ ಆಕ್ಷೇಪ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಕೊಳ ನಿರ್ವಹಣಾ ಸಂಸ್ಥೆ

ವಿಷಯ: ಪಾಚಿ ನಿವಾರಣೆಯ ನಂತರ ಮೀನುಗಳು ಸತ್ತ ಬಗ್ಗೆ ದೂರು ಮತ್ತು ಪರಿಹಾರಕ್ಕೆ ಬೇಡಿಕೆ

ಮಾನ್ಯರೇ,

ನಮ್ಮ ಹಿತ್ತಲಿನ ಕೊಳದ ಮೀನುಗಳು ‘ಸಾಂಕ್ರಾಮಿಕ ರೋಗ ಹಾಗೂ ಅತಿಯಾದ ಆಹಾರ’ದಿಂದ ಸತ್ತಿವೆ ಎಂಬ ನಿಮ್ಮ ವರದಿ ತಲುಪಿದೆ. ರೋಗನಿವಾರಕ ದ್ರಾವಣವನ್ನು ರಿಯಾಯಿತಿಯಲ್ಲಿ ಹಾಕಿಕೊಡುತ್ತೇವೆ ಎಂದೂ ಅದರ ಕೊನೆಯಲ್ಲಿ ಬರೆದಿದ್ದೀರಿ. ಸತ್ತ ಒಂದು ಮೀನನ್ನೂ ಮುಟ್ಟಿ ನೋಡದೆ ರೋಗ ಪತ್ತೆ ಮಾಡಿದ ನಿಮ್ಮ ಸಿಬ್ಬಂದಿಯ ಜಾಣ್ಮೆಯನ್ನು ಮೆಚ್ಚಬೇಕು. ವರದಿಯನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಡೆದದ್ದು ಇಷ್ಟು. ಕೊಳದ ನೀರು ಪಾಚಿಯಿಂದ ದಟ್ಟ ಹಸಿರಾಗಿತ್ತು. ನಿಮ್ಮ ಕೆಲಸಗಾರರು ನೀಲಿ ಹರಳುಗಳನ್ನು ನೀರಿನಲ್ಲಿ ಕರಗಿಸಿ ಇಡೀ ಕೊಳಕ್ಕೆ ಒಂದೇ ಸಲ ಸುರಿದರು. ಏನದು ಎಂದು ಕೇಳಿದರೆ ‘ಪಾಚಿ ಔಷಧ’ ಎಂದರು. ಮೈಲುತುತ್ತವೇ (ತಾಮ್ರದ ಸಲ್ಫೇಟ್) ಎಂದು ಒತ್ತಿ ಕೇಳಿದಾಗ ಹೌದೆಂದು ತಲೆಯಾಡಿಸಿದರು. ಔಷಧ ಚೆನ್ನಾಗಿ ಹಿಡಿಯಲಿ ಎಂದು, ನೀರಿಗೆ ಗಾಳಿ ಊದುವ ಏರೇಟರನ್ನೂ ಫಿಲ್ಟರನ್ನೂ ನಿಲ್ಲಿಸಿ, ತಾವು ಹೇಳುವವರೆಗೆ ಚಾಲೂ ಮಾಡಕೂಡದೆಂದು ತಾಕೀತು ಮಾಡಿ ಹೋದರು. ಹವೆ ಮೋಡ ಮುಸುಕಿ ಸೆಕೆಯಾಗಿತ್ತು. ನೀರು ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಿ ಕೊಳೆತ ವಾಸನೆ ಹೊಡೆಯತೊಡಗಿತು. ಮುಂದೆ ಒಂದು ಬೆಳಿಗ್ಗೆ ನೋಡಿದರೆ ದೊಡ್ಡ ಕೋಯಿ ಮೀನುಗಳೆಲ್ಲ ಸತ್ತು ತೇಲುತ್ತಿದ್ದವು. ಬದುಕಿದ್ದ ಮರಿಗಳು ನೀರಿನ ಮೇಲ್ಮೈಗೆ ಬಾಯಿಟ್ಟು ಗಾಳಿಗಾಗಿ ಬಾಯಿ ಬಡಿಯುತ್ತಿದ್ದವು.

ಈ ಚಿಹ್ನೆಗಳನ್ನು ಒಟ್ಟಿಗೆ ಇಟ್ಟು ನೋಡಿ. ರೋಗವಾಗಿದ್ದರೆ ಸಾಮಾನ್ಯವಾಗಿ ಇಂದೊಂದು, ನಾಳೆ ಎರಡು ಎಂಬಂತೆ ಸಾಯುತ್ತಿದ್ದವು. ಮೈಮೇಲೆ ಹುಣ್ಣೋ ಬಿಳಿ ಚುಕ್ಕೆಯೋ ಕೊಳೆತ ರೆಕ್ಕೆಯೋ ಕಾಣುತ್ತಿತ್ತು. ನಾನು ತೆಗೆದ ಚಿತ್ರಗಳಲ್ಲಿ ಅಂಥದ್ದೇನೂ ಇಲ್ಲ. ಒಂದೇ ರಾತ್ರಿಯಲ್ಲಿ ದೊಡ್ಡವು ಸತ್ತು ಚಿಕ್ಕವು ಉಳಿಯುವುದು ನೀರಿನಲ್ಲಿ ಆಮ್ಲಜನಕ ಬತ್ತಿದಾಗಿನ ಪರಿಚಿತ ಲಕ್ಷಣ. ಕೀಟನಾಶಕವೇನಾದರೂ ಬೆರೆತಿತ್ತೇ ಎಂದೂ ಯೋಚಿಸಿದೆ. ಹಾಗಿದ್ದರೆ ಮರಿಗಳೂ ನೀರ ಮೇಲೆ ಓಡಾಡುವ ಹುಳುಗಳೂ ಉಳಿಯುತ್ತಿರಲಿಲ್ಲ. ತಾಮ್ರವೇ ನೇರವಾಗಿ ಕೊಂದಿರಬಹುದು ಎಂಬ ಅನುಮಾನಕ್ಕೂ ಕಲ್ಲುಗಳ ಮೇಲೆ ಆರಾಮವಾಗಿ ಹರಿದಾಡುತ್ತಿರುವ ಬಸವನಹುಳುಗಳು ಅಡ್ಡ ಬರುತ್ತವೆ, ಏಕೆಂದರೆ ಅವುಗಳನ್ನು ಕೊಲ್ಲಲೂ ಮೈಲುತುತ್ತವನ್ನೇ ಬಳಸುತ್ತಾರೆ. ಇನ್ನು ಅತಿಯಾದ ಆಹಾರದ ಮಾತು: ನಿಮ್ಮವರ ಸೂಚನೆಯಂತೆ ಔಷಧ ಹಾಕುವ ಹಿಂದಿನ ದಿನದಿಂದಲೇ ಆಹಾರ ನಿಲ್ಲಿಸಿದ್ದೆ.

ಆಮ್ಲಜನಕ ಏಕೆ ಬತ್ತಿತು ಎಂಬುದು ನಿಮ್ಮ ಕ್ಷೇತ್ರದವರಿಗೆ ಗೊತ್ತಿರಲೇಬೇಕಾದ ವಿಷಯ. ಪಾಚಿ ಒಟ್ಟಿಗೆ ಸತ್ತರೆ ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಹಗಲಿನಲ್ಲಿ ಅದನ್ನು ಮತ್ತೆ ತುಂಬಿಸಲು ಜೀವಂತ ಪಾಚಿಯೂ ಉಳಿದಿರುವುದಿಲ್ಲ. ನೀರು ಬಿಸಿಯಾದಷ್ಟೂ ಹಿಡಿದಿಡುವ ಆಮ್ಲಜನಕ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಈ ಕಾರಣಕ್ಕೇ ಮೈಲುತುತ್ತ ಬಳಸುವಾಗ ಕೊಳದ ಮೂರನೇ ಒಂದು ಭಾಗಕ್ಕೋ ಹೆಚ್ಚೆಂದರೆ ಅರ್ಧಕ್ಕೋ ಮಾತ್ರ ಹಾಕಿ, ಒಂದೆರಡು ವಾರ ಬಿಟ್ಟು ಉಳಿದ ಭಾಗಕ್ಕೆ ಹಾಕಬೇಕು ಎನ್ನುವುದು. ಆ ಹೊತ್ತಿನಲ್ಲಿ ಏರೇಟರ್ ಎಂದಿಗಿಂತ ಹೆಚ್ಚು ಅಗತ್ಯ. ನಿಮ್ಮವರು ಅದನ್ನೇ ನಿಲ್ಲಿಸಿದರು.

ಮೀನುಗಳು ಸತ್ತ ಮೇಲೆ ಬಂದ ನಿಮ್ಮ ತಂತ್ರಜ್ಞರು ಮಧ್ಯಾಹ್ನ ಮೂರು ಗಂಟೆಗೆ ಮೀಟರ್ ಅದ್ದಿ, ‘ಆಮ್ಲಜನಕ ಸರಿಯಾಗಿದೆ’ ಎಂದು ಬರೆದುಕೊಂಡು ಹೋದರು. ಅಷ್ಟರಲ್ಲಿ ನಾನೇ ಏರೇಟರ್ ಚಾಲೂ ಮಾಡಿಯಾಗಿತ್ತು. ಅದನ್ನು ಹೇಳಿದರೂ ವರದಿಯಲ್ಲಿ ನಮೂದಿಸಿಲ್ಲ. ಕೊಳದಲ್ಲಿ ಆಮ್ಲಜನಕ ತೀರ ಇಳಿಯುವುದು ಬೆಳಗಿನ ಜಾವದಲ್ಲಿ, ಗರಿಷ್ಠಕ್ಕೆ ಏರುವುದು ಮಧ್ಯಾಹ್ನದ ನಂತರ. ಸಾವು ಕಂಡ ಬೆಳಿಗ್ಗೆ, ಏರೇಟರ್ ಹಾಕುವ ಮೊದಲು, ನನ್ನ ಮೀಟರ್ ತೋರಿಸಿದ್ದು ಲೀಟರಿಗೆ 1.6 ಮಿಲಿಗ್ರಾಂ. ಮೀನು ನೆಮ್ಮದಿಯಾಗಿರಲು ಕನಿಷ್ಠ 5 ಇರಬೇಕು. ಅಳತೆಯ ಚಿತ್ರವನ್ನು ಲಗತ್ತಿಸಿದ್ದೇನೆ, ಸಮಯ ಅದರಲ್ಲೇ ಇದೆ. ಕಳ್ಳ ಹೋದ ಮೇಲೆ ಬಂದು ಬಾಗಿಲು ಭದ್ರವಾಗಿದೆ ಎಂದು ಬರೆದುಕೊಡುವ ಕಾವಲುಗಾರನ ವರದಿ ನಿಮ್ಮದು.

ನಾನು ಕೇಳುವುದು ಹೀಗಿದೆ. ಹಾಕಿದ ರಾಸಾಯನಿಕದ ಹೆಸರು, ಪ್ರಮಾಣ ಮತ್ತು ಅದರ ಪೊಟ್ಟಣದ ಮೇಲಿನ ಚೀಟಿಯ ಪ್ರತಿಯನ್ನು ಲಿಖಿತವಾಗಿ ಕೊಡಿ. ಹಾಕುವ ಮುನ್ನ ನೀರಿನ ಕ್ಷಾರೀಯತೆಯನ್ನು (ಆಮ್ಲವನ್ನು ತಡೆದುಕೊಳ್ಳುವ ಗುಣವನ್ನು) ಅಳೆದಿದ್ದರೆ ಆ ದಾಖಲೆಯನ್ನೂ ಕೊಡಿ. ಕ್ಷಾರೀಯತೆ ಕಡಿಮೆಯಿರುವ ನೀರಿನಲ್ಲಿ ತಾಮ್ರ ಮೀನುಗಳಿಗೆ ಹೆಚ್ಚು ವಿಷಕಾರಿ, ಹಾಗಾಗಿ ಉಳಿದ ಮರಿಗಳ ವಿಚಾರದಲ್ಲಿ ನನಗೆ ಅದು ತಿಳಿಯಲೇಬೇಕು. ‘ರೋಗ’ ಎಂಬ ತೀರ್ಮಾನವನ್ನು ಹಿಂಪಡೆದು ಪರಿಷ್ಕೃತ ವರದಿ ಕಳುಹಿಸಿ. ಸೇವಾ ಶುಲ್ಕವನ್ನು ಮರಳಿಸಿ, ಸತ್ತ ಮೀನುಗಳ ಬೆಲೆಯನ್ನು ಭರಿಸಿ. ರಿಯಾಯಿತಿಯ ದ್ರಾವಣ ನನಗೆ ಬೇಡ. ನನ್ನ ಲಿಖಿತ ಒಪ್ಪಿಗೆಯಿಲ್ಲದೆ ನಿಮ್ಮ ಸಿಬ್ಬಂದಿ ಈ ಕೊಳಕ್ಕೆ ಇನ್ನೇನನ್ನೂ ಹಾಕಬಾರದು.

ಸತ್ತ ಎರಡು ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು, ಆ ಬೆಳಗಿನ ನೀರಿನ ಮಾದರಿಯೊಂದಿಗೆ ಸ್ವತಂತ್ರ ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ. ಫಲಿತಾಂಶ ಬಂದ ಕೂಡಲೇ ಅದರ ಪ್ರತಿಯನ್ನು ನಿಮಗೂ ಕಳುಹಿಸುತ್ತೇನೆ. ಈ ತಿಂಗಳ ಕೊನೆಯೊಳಗೆ ಲಿಖಿತ ಉತ್ತರ ಬರದಿದ್ದರೆ ದೂರನ್ನು ಗ್ರಾಹಕ ನ್ಯಾಯಾಲಯಕ್ಕೆ ಒಯ್ಯುತ್ತೇನೆ.

ಇಂತಿ,
ನಿಮ್ಮ ಗ್ರಾಹಕ

ಲಗತ್ತು: ಸತ್ತ ಮೀನುಗಳ ಚಿತ್ರಗಳು, ಆಮ್ಲಜನಕದ ಅಳತೆಯ ಚಿತ್ರ, ಸೇವಾ ರಸೀದಿಯ ಪ್ರತಿ