ಮಗಳಿಗೊಂದು ಪತ್ರ: ಬಿಭಾ ಅವರ ಪ್ಲೇಟುಗಳು

ಮಗಳೇ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಅತ್ತುಬಿಟ್ಟೆ. ಎರಡು ವರ್ಷದಿಂದ ಮಾಡುತ್ತಿದ್ದ ಕೆಲಸ ಬೇರೆಯವರ ಪೇಪರಿನಲ್ಲಿ ಮೊದಲು ಬಂದುಬಿಟ್ಟಿತು, ಇನ್ನೇನು ಉಳಿಯಿತು ಅಂದೆ. ನನಗೆ ಆಗ ಮಾತೇ ಬರಲಿಲ್ಲ. ನಿನ್ನ ಫಿಸಿಕ್ಸ್ ನನಗೆ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ಫಿಲ್ಮ್ ತಿಳಿಯುತ್ತದೆ, ಮೂವತ್ತು ವರ್ಷ ಡಾರ್ಕ್‌ರೂಮಿನಲ್ಲಿ ಕೈ ತೋಯಿಸಿಕೊಂಡವನು ನಾನು. ಅದಕ್ಕೇ ಹೋದ ಸಲ ನೀನು ಫಿಸಿಕ್ಸ್ ವಿಜ್ಞಾನಿ ಬಿಭಾ ಚೌಧುರಿ ಅವರ ಹೆಸರು ಹೇಳಿದಾಗ ಕಿವಿ ನೆಟ್ಟಗಾಯಿತು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ.

1936ರಲ್ಲಿ ಕಲ್ಕತ್ತಾದಲ್ಲಿ ಎಂ.ಎಸ್ಸಿ. ಮುಗಿಸಿದಾಗ ಆ ಕ್ಲಾಸಿನಲ್ಲಿ ಅವರೊಬ್ಬರೇ ಹೆಣ್ಣುಮಗಳು. ಮುಂದೆ ವಿಜ್ಞಾನಿ ಡಿ. ಎಂ. ಬೋಸ್ ಅವರ ಜೊತೆ ಫೋಟೋ ಪ್ಲೇಟುಗಳನ್ನು ಡಾರ್ಜಿಲಿಂಗಿಗೆ, ಅದಕ್ಕೂ ಮೇಲೆ ಸುಮಾರು 3,600 ಮೀಟರ್ ಎತ್ತರದ ಬೆಟ್ಟ ಸಂದಕ್‌ಫುಗೆ ಕಳಿಸಿ, ತಿಂಗಳುಗಟ್ಟಲೆ ಅಲ್ಲೇ ಬಿಟ್ಟರು. ಕ್ಯಾಮೆರಾ ಇಲ್ಲ, ಲೆನ್ಸ್ ಇಲ್ಲ. ಆಕಾಶದಿಂದ ಬರುವ ಕಣ ಪ್ಲೇಟಿನೊಳಗೆ ಹಾದುಹೋದರೆ ಅದರ ದಾರಿಯುದ್ದಕ್ಕೂ ಬೆಳ್ಳಿಯ ಕಾಳುಗಳಿಗೆ ಗುರುತು ಬೀಳುತ್ತದೆ, ಡೆವಲಪ್ ಮಾಡಿದರೆ ಅವು ಕಪ್ಪಾಗಿ ಗೆರೆ ಎದ್ದು ಬರುತ್ತದೆ. ನಾನು ಗ್ರೇನ್ ಅಂತ ಬೈದುಕೊಳ್ಳುತ್ತಿದ್ದೆನಲ್ಲ, ಅದನ್ನೇ ಅವರು ಮೈಕ್ರೋಸ್ಕೋಪಿನಲ್ಲಿ ಒಂದೊಂದಾಗಿ ಎಣಿಸಿದರು. ಕಾಳು ಎಷ್ಟು ಒತ್ತಾಗಿವೆ, ಗೆರೆ ಎಷ್ಟು ಸೊಟ್ಟಗಾಗಿದೆ ಅಂತ ನೋಡಿ ಕಣದ ತೂಕ ಲೆಕ್ಕ ಹಾಕಿದರು. ಎಲೆಕ್ಟ್ರಾನಿಗಿಂತ ಸುಮಾರು 200 ಪಟ್ಟು ಭಾರ! ಅದೆಲ್ಲ ನೇಚರ್ ಪತ್ರಿಕೆಯಲ್ಲಿ ಬಂತು, 1940ರಿಂದ 1942ರೊಳಗೆ.

ಆದರೆ ಅವರ ಕೈಗೆ ಸಿಕ್ಕಿದ್ದು ಹಾಫ್‌ಟೋನ್ ಪ್ಲೇಟು, ಪ್ರೆಸ್ಸಿನವರು ಬ್ಲಾಕ್ ಮಾಡಲು ಬಳಸುತ್ತಿದ್ದ ಜಾತಿಯದು. ಯುದ್ಧದ ಕಾಲ, ಒಳ್ಳೆಯ ಫುಲ್‌ಟೋನ್ ಪ್ಲೇಟು ನಮ್ಮ ದೇಶದಲ್ಲಿ ಸಿಗುತ್ತಿರಲಿಲ್ಲ. ಇದನ್ನು ಓದುವಾಗ ನನಗೆ ಹಳೇ ಬಾಗಲಕೋಟೆಯ ನಮ್ಮ ಸ್ಟುಡಿಯೋ ನೆನಪಾಯಿತು. ಒಬ್ಬ ವ್ಯಾಪಾರಿ ಅವಧಿ ಮುಗಿದ ಫಿಲ್ಮ್ ಕೊಟ್ಟಿದ್ದ, ನಾನು ಒಂದು ಇಡೀ ಮದುವೆ ಅದರಲ್ಲೇ ತೆಗೆದೆ. ಮದುಮಗಳ ಇಳಕಲ್ ಸೀರೆಯ ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ಅಂತ ಗೊತ್ತಾಗದಷ್ಟು ಮಸುಕಾಗಿ ಬಂತು. ಸೆರಗು ಅಲ್ಲೇ ಇತ್ತು, ನಾನು ಕಣ್ಣಾರೆ ನೋಡಿದ್ದೆ, ಫಿಲ್ಮಿಗೆ ಹಿಡಿಯಲು ಆಗಲಿಲ್ಲ. ಬಿಭಾ ಅವರ ಪ್ಲೇಟಿಗೂ ಹಾಗೇ, ಆಕಾಶದ ಕಣಗಳಲ್ಲಿ ಪಯಾನ್, ಮ್ಯೂಆನ್ ಅಂತ ಎರಡು ಜಾತಿ, ಅದರಲ್ಲಿ ಯಾವುದು ಯಾವುದು ಅಂತ ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ. ಪಯಾನ್ ಆದರೋ ಸೆಕೆಂಡಿನ ಕೋಟಿಯ ಒಂದು ಭಾಗ ಮುಗಿಯುವುದರೊಳಗೆ ಮ್ಯೂಆನ್ ಆಗಿಬಿಡುತ್ತದಂತೆ. 1947ರಲ್ಲಿ ಬ್ರಿಸ್ಟಲ್‌ನ ವಿಜ್ಞಾನಿ ಪೊವೆಲ್ ಅವರ ಗುಂಪು ಹೆಚ್ಚು ಸೂಕ್ಷ್ಮವಾದ ಎಮಲ್ಷನ್, ಅಂದರೆ ಪ್ಲೇಟಿನ ಬೆಳ್ಳಿ ಲೇಪ, ಹಾಕಿ ಅದನ್ನು ಹಿಡಿಯಿತು, ದಾರಿ ಮಾತ್ರ ಅದೇ ಪ್ಲೇಟಿನ ದಾರಿ. 1950ರಲ್ಲಿ ಪೊವೆಲ್‌ಗೆ ನೊಬೆಲ್ ಬಂತು.

ಆ ಸುದ್ದಿ ಕೇಳಿದ ದಿನ ಬಿಭಾ ಅವರಿಗೆ ಎಷ್ಟು ನೋವಾಗಿರಬೇಕು ಅಂತ ನಿನ್ನೆ ರಾತ್ರಿಯೆಲ್ಲ ಯೋಚಿಸಿದೆ.

ಅಷ್ಟರಲ್ಲಿ ಅವರು ಮ್ಯಾಂಚೆಸ್ಟರಿಗೆ ಹೋಗಿ ವಿಜ್ಞಾನಿ ಬ್ಲಾಕೆಟ್ ಅವರ ಲ್ಯಾಬಿನಲ್ಲಿ ಏರ್ ಶವರ್, ಅಂದರೆ ಆಕಾಶದ ಕಣ ಗಾಳಿಗೆ ಬಡಿದಾಗ ಸುರಿಯುವ ಕಣಗಳ ಮಳೆ, ಅದರ ಮೇಲೆ ಪಿಎಚ್‌.ಡಿ. ಮಾಡಿದ್ದರು. 1949ರಲ್ಲಿ ಹೋಮಿ ಭಾಭಾ ಅವರ ಟಾಟಾ ಸಂಶೋಧನಾ ಸಂಸ್ಥೆ ಸೇರಿದರು, ಅಲ್ಲಿನ ಮೊದಲ ಮಹಿಳಾ ಸಂಶೋಧಕಿ. ಮುಂದೆ ಅಹಮದಾಬಾದ್, ಮತ್ತೆ ಕಲ್ಕತ್ತಾ. ನನಗೆ ಜಾಸ್ತಿ ಇಷ್ಟವಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಭಾಗ. ಬೆಟ್ಟದ ತುದಿಯಲ್ಲಿ ಹುಡುಕಿದವರು ಆಮೇಲೆ ಗಣಿಯ ಪ್ರಯೋಗಗಳಲ್ಲಿ ಮ್ಯೂಆನ್‌ಗಳ ಹಿಂದೆ ಬಿದ್ದರು! ಮೇಲಿನ ಬಂಡೆಯೇ ಜರಡಿ, ಮಿಕ್ಕಿದ್ದು ಬಹುಪಾಲು ಅಲ್ಲೇ ನಿಲ್ಲುತ್ತದೆ, ಗಟ್ಟಿ ಮ್ಯೂಆನ್ ಕೆಳಗಿಳಿಯುತ್ತದೆ. ಅದೇ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, 1965ರಲ್ಲಿ ವಾತಾವರಣದ ನ್ಯೂಟ್ರಿನೋ, ಅಂದರೆ ಗಾಳಿಯಲ್ಲಿ ಹುಟ್ಟಿ ಬಂಡೆಯನ್ನೂ ಸಲೀಸಾಗಿ ದಾಟುವ ಕಣ, ಸಿಕ್ಕಿದ್ದು ನಿನಗೆ ಗೊತ್ತೇ ಇದೆ, ಅಲ್ವಾ. ಬಿಭಾ ಅವರು 1991ರಲ್ಲಿ ತೀರಿಕೊಂಡರು. ಕೊನೆಯವರೆಗೂ ಪೇಪರ್ ಬರೆಯುತ್ತಲೇ ಇದ್ದರು. 2019ರಲ್ಲಿ ಒಂದು ನಕ್ಷತ್ರಕ್ಕೆ ಬಿಭಾ ಅಂತ ಹೆಸರಿಟ್ಟರು.

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ನಾವು ನವನಗರಕ್ಕೆ ಬಂದಾಗ ನಾನು ಮೊದಲು ಹೊತ್ತು ತಂದದ್ದು ನೆಗೆಟಿವ್ ಪೆಟ್ಟಿಗೆ, ಆ ಮಸುಕು ಮದುವೆಯದೂ ಅದರಲ್ಲೇ ಇದೆ. ನಿನ್ನ ಎರಡು ವರ್ಷದ ನೋಟ್‌ಬುಕ್ಕುಗಳನ್ನು ಸಿಟ್ಟಿನಲ್ಲಿ ರದ್ದಿಗೆ ಹಾಕಬೇಡ, ತಾಯಿ. ಬನಶಂಕರಿ ಜಾತ್ರೆಗೆ ಬರುವಾಗ ತಾ. ನನಗೆ ಒಂದು ಗೆರೆಯಾದರೂ ಓದಿ ಹೇಳು. ನಿಮ್ಮವ್ವ ಸಜ್ಜಿ ರೊಟ್ಟಿ, ಗುರೆಳ್ಳು ಚಟ್ನಿ ಕಟ್ಟಿಟ್ಟಿದ್ದಾಳೆ, ನಾಳೆ ಪಾರ್ಸಲ್ ಹಾಕುತ್ತೇನೆ.

ನಿನ್ನ ಅಪ್ಪ