ಕೀ ಕೊಡುವ ಮೊದಲು ಮುಚ್ಚಳ ತೆಗೆದು ನೋಡಿ

ಮಾನ್ಯ ಸಂಪಾದಕರೇ,

ಮೂಡಿಗೆರೆ, ಸಕಲೇಶಪುರ ಕಡೆಯ ಹಳೇ ತೋಟದ ಬಂಗಲೆಗಳ ಅಟ್ಟದಿಂದ ಇಳಿಯುವ ಹಾಡಿನ ಪೆಟ್ಟಿಗೆಗಳಿಗೆಲ್ಲ ‘ಗ್ರಾಮಫೋನ್’ ಎಂಬ ಒಂದೇ ಹೆಸರು. ಗ್ರಾಮಫೋನಾದರೆ ತಟ್ಟೆಯ ಗೆರೆಯಲ್ಲಿ ಮುಳ್ಳು ಓಡಬೇಕು. ಮುಚ್ಚಳ ತೆಗೆದಾಗ ಉಕ್ಕಿನ ಬಾಚಣಿಗೆ ಕಂಡರೆ ಅದು ಮ್ಯೂಸಿಕ್ ಬಾಕ್ಸ್, ಬಾಚಣಿಗೆಯ ಹಲ್ಲು ಮೀಟಿದಾಗ ಸ್ವರ ಹೊರಡುವ ಯಂತ್ರ. ಕೀ ಕೊಟ್ಟು ನೋಡೋಣ ಎನ್ನುವ ಆತುರವೇ ಅದಕ್ಕೆ ಮುಳುವು.

ಬಾಚಣಿಗೆಯ ಎದುರು ಮೈತುಂಬ ಸಣ್ಣ ಮೊಳೆಗಳಿರುವ ಹಿತ್ತಾಳೆ ಉರುಳೆ ಇದ್ದರೆ ಬಹುಪಾಲು ಸ್ವಿಟ್ಜರ್ಲೆಂಡಿನದು. ಉರುಳೆಯ ತುದಿಯಲ್ಲಿ ಮೆಟ್ಟಿಲಿನಂತೆ ಕತ್ತರಿಸಿದ ಪುಟ್ಟ ಚಕ್ರವಿರುತ್ತದೆ. ಎಷ್ಟು ಮೆಟ್ಟಿಲೋ ಅಷ್ಟು ಹಾಡು. ಮುಚ್ಚಳದ ಒಳಗಿನ ಹಾಡಿನ ಚೀಟಿ ಹರಿದಿದ್ದರೂ ಎಸೆಯಬೇಡಿ, ಅದರ ಸಂಖ್ಯೆಯನ್ನು ಯಂತ್ರದ ಮೇಲಿನ ಸಂಖ್ಯೆಗೆ ತಾಳೆ ನೋಡಿ. ಉರುಳೆಯ ಬದಲು ತೂತು ಹೊಡೆದ ಲೋಹದ ತಟ್ಟೆ ಇದ್ದರೆ 1880ರ ದಶಕದಿಂದ ಈಚಿನದು. ತಟ್ಟೆಯ ಅಂಚಿನ ಸುತ್ತಲೂ ತೂತಿನ ಸಾಲಿದ್ದರೆ ಜರ್ಮನಿಯ ಲೈಪ್‌ಜಿಗ್‌ನ ಪಾಲಿಫೋನ್ ಅಥವಾ ಅಮೆರಿಕದ ರೆಜಿನಾ ಕಂಪನಿಯದಿರಬಹುದು. ಅಡ್ಡಳತೆ ತೆಗೆಯಿರಿ, 15½ ಅಂಗುಲ ಎರಡರಲ್ಲೂ ಸಾಮಾನ್ಯ. ರಟ್ಟಿನ ತಟ್ಟೆ, ಒಳಗೆ ತಿದಿ ಇದ್ದರೆ ಅದು ಬೇರೆ ಜಾತಿ, ನಮ್ಮ ಹಾರ್ಮೋನಿಯಂನ ನೆಂಟ.

ಯಂತ್ರದ ಒಂದು ಬದಿಯಲ್ಲಿ ವೇಗ ಹಿಡಿದಿಡುವ ಪುಟ್ಟ ರೆಕ್ಕೆ ಇರುತ್ತದೆ. ಸ್ಪ್ರಿಂಗಿನಲ್ಲಿ ಬಿಗಿ ಉಳಿದಿರುವಾಗ ಅದನ್ನು ಬಿಚ್ಚಿದರೆ ಮುಗಿಯಿತು. ಉರುಳೆ ತಡೆಯಿಲ್ಲದೆ ಗರ್ರನೆ ತಿರುಗಿ, ಮೊಳೆ ಬಾಗಿ, ಬಾಚಣಿಗೆಯ ಹಲ್ಲು ಸಾಲಾಗಿ ಉದುರುತ್ತವೆ. ರಿಪೇರಿ ಗೊತ್ತೆನ್ನುವವರೂ ಮಾಡುವ ತಪ್ಪು ಇದೇ.

ಎಣ್ಣೆಯ ಮಾತು. ಬಾಚಣಿಗೆಗೆ ಒಂದು ಹನಿಯೂ ಬೇಡ. ಕೊಬ್ಬರಿ ಎಣ್ಣೆಯಂತೂ ಎಲ್ಲಿಗೂ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ನಮ್ಮ ಜನವರಿ ಬೆಳಗಿಗೆ ಗಾಲಿಗಳು ಅಂಟಿ ನಿಲ್ಲುತ್ತವೆ. ಮಂದ್ರದ ಹಲ್ಲುಗಳ ಅಡಿಗೆ ಕನ್ನಡಿ ಹಿಡಿದು ನೋಡಿ. ಸ್ವರ ಇಳಿಸಲು ಅಲ್ಲಿ ಸೀಸದ ತುಂಡು ಕೂರಿಸಿರುತ್ತಾರೆ. ಮಲೆನಾಡಿನ ತೇವಕ್ಕೆ ಸೀಸ ಬಿಳಿ ಪುಡಿಯಾಗಿ ಉಬ್ಬಿ ಪಕ್ಕದ ಹಲ್ಲಿಗೆ ತಾಗುತ್ತದೆ, ಸ್ವರ ಸತ್ತುಹೋಗುತ್ತದೆ. ಆ ಪುಡಿ ವಿಷ, ಬಾಯಿಂದ ಊದಬೇಡಿ.

ಉರುಳೆಯ ಪೆಟ್ಟಿಗೆಯನ್ನು ಹಾಡಿನ ನಡುವೆ ನಿಲ್ಲಿಸಿ ಜೀಪಿಗೆ ಏರಿಸುವುದೂ ತಪ್ಪು. ಹಾಡು ಮುಗಿದಾಗ ಉರುಳೆಯ ಮೊಳೆಯಿಲ್ಲದ ಪಟ್ಟಿ ಬಾಚಣಿಗೆಯ ಎದುರು ಬರುತ್ತದೆ, ಸಾಗಿಸುವುದಾದರೆ ಆಗಲೇ. ಇಲ್ಲದಿದ್ದರೆ ಚಾರ್ಮಾಡಿಯ ಮೊದಲ ತಿರುವಿನ ಕುಲುಕಿಗೇ ಮೊಳೆಗೆ ಸಿಕ್ಕ ಹಲ್ಲು ಮುರಿಯುತ್ತದೆ.

— ಓದುಗ, ಚಿಕ್ಕಮಗಳೂರು